ಬೈಗುಳಕ್ಕಾಗಿ ಕಟ್ಟಿದ ಬಿಲ್ಲು

ನಿನ್ನೆ ಮುಂಜಾನೆಯಿಂದ ನಾನು ನಾಲ್ಕು ಕಾಲಿನ ಒಂದು ಮಣೆಯ ಮೇಲೆ ಕುಳಿತಿದ್ದೇನೆ. ಊಟಕ್ಕೆ ಎದ್ದೆ, ಮಲಗಲು ಎದ್ದೆ, ಮತ್ತೆ ಬಂದು ಅದರ ಮೇಲೆಯೇ ಕುಳಿತೆ. ಸೊಸೆ ನಗುತ್ತಾಳೆ, ನಗಲಿ. ಈ ಮಣೆ ಮಾಡಿದವಳು ನನ್ನ ಮೊಮ್ಮಗಳು. ಅಜ್ಜನ ಉಳಿ, ಅಜ್ಜನ ಗರಗಸ ಹಿಡಿದು, ಅಟ್ಟದ ಮೇಲಿದ್ದ ಹಳೆಯ ಸಾಗವಾನಿ ಹಲಗೆ ಕೊಯ್ದು, ಯಾರಿಗೂ ಹೇಳದೆ ಹಿತ್ತಲಲ್ಲಿ ಕುಳಿತು ಮಾಡಿದ್ದಾಳೆ. ನಮ್ಮದು ಬಡಿಗೇರ ಮನೆತನ. ಆದರೆ ನನ್ನ ಗಂಡುಮಕ್ಕಳು ಇಬ್ಬರೂ ಉಳಿ ಮುಟ್ಟಲಿಲ್ಲ. ಒಬ್ಬ ಕಂಡಕ್ಟರನಾದ, ಇನ್ನೊಬ್ಬ ಗೊಬ್ಬರದ ಅಂಗಡಿ ಇಟ್ಟ. ಇಷ್ಟು ವರ್ಷ ಆ ಉಳಿಗಳಿಗೆ ಜಂಗು ಹತ್ತಬಾರದೆಂದು ನಾನೊಬ್ಬಳೇ ಎಣ್ಣೆ ಸವರುತ್ತಿದ್ದೆ. ಯಾರ ಸಲುವಾಗಿ ಸವರುತ್ತಿದ್ದೆ ಎಂದು ನಿನ್ನೆ ತಿಳಿಯಿತು.

ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಹಾಲಿನವನನ್ನೂ ಬಿಡಲಿಲ್ಲ, ಅವನ ಹಾಲು ಬಿಸಿಲಿಗೆ ಒಡೆಯುವವರೆಗೆ ನಿಲ್ಲಿಸಿಕೊಂಡೆ. ಮೊಮ್ಮಗಳು ಮಾತ್ರ ಬಾಗಿಲ ಬಳಿ ನಿಂತು ಕೇಳಿದಳು.

"ಖರೇ ಹೇಳ ಅಜ್ಜಿ, ಹ್ಯಾಂಗ ಆಗೇತಿ?"

"ಬಂಗಾರ ಆಗೇತಿ, ನನ್ನವ್ವಾ."

"ಅಷ್ಟ ಏನ?"

"ಬೆಳ್ಳಿ ಬಂಗಾರ ಎರಡೂ ಆಗೇತಿ."

ಅವಳ ಮುಖ ಸಣ್ಣದಾಯಿತು. ಒಳಗೆ ಹೋದಳು. ಇಷ್ಟು ಹೊಗಳಿದರೂ ಈ ಹುಡುಗಿಗೆ ಏನಾಯಿತು ಎಂದು ನನಗೆ ತಿಳಿಯಲಿಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಗಜೇಂದ್ರಗಡದ ನಮ್ಮ ಓಣಿಯ ಅಳಿಯ ನೆನಪಾದರು. ಆಗ ತಿಳಿಯಿತು.

ನಾನು ಕಲಿತದ್ದು ಮೂರನೆಯ ಇಯತ್ತೆ. ಬರೆಯಲು ಕುಳಿತರೆ ಮಾತಿನ ಹಾಗೆಯೇ ಬರುತ್ತದೆ. ಓದುವವರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೀರಿ ಎಂದುಕೊಳ್ಳಿರಿ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಆ ಹೆಸರಿನಿಂದ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರ ಇದ್ದ ಕಾಲ ಅದು. ನಾನು ಮದುವೆಯಾಗಿ ಗಜೇಂದ್ರಗಡಕ್ಕೆ ಬಂದ ಹೊಸತು. ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿ ಒಬ್ಬ ವಿಧವೆ ಮುದುಕಿ, ಆಕೆಯ ಒಬ್ಬಳೇ ಮಗಳು, ಅಬ್ಬಿಗೇರಿಯಿಂದ ಬಂದು ಮನೆ ಅಳಿಯನಾಗಿದ್ದ ಈ ಮನುಷ್ಯ. ಮುದುಕಿಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಅವರನ್ನು ಓಣಿಯೆಲ್ಲ ಅಳಿಯಾ ಎನ್ನುತ್ತಿತ್ತು. ಆಯಿಗೆ ಮಾತ್ರ ಅವರು 'ಹುಡುಗ'.

ಉದ್ದ ಮನುಷ್ಯ, ಸಣಕಲು ಮೈ, ಅಂಗಿಗೆ ಎರಡು ದೊಡ್ಡ ಕಿಸೆ. ಸೈಕಲ್ಲಿನ ಹಿಂದೆ ಅರಿವೆಯ ಗಂಟು ಕಟ್ಟಿಕೊಂಡು ರೋಣ, ನರಗುಂದ, ಗಜೇಂದ್ರಗಡ ಹೀಗೆ ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ಮಾರುತ್ತಿದ್ದರು. ಅವರ ಬಾಯಿ ಕೇಳಲಿಕ್ಕೇ ಜನ ಕೂಡುತ್ತಿತ್ತು. "ಬಣ್ಣಾ ಬಿಟ್ರ ಅರಿವಿ ತಂದ ನನಗ ಹೊಚ್ಚರಿ, ನಾ ಅದನ್ನ ಉಟಗೊಂಡ ಸಂತಿ ಮಾಡ್ತೇನಿ" ಎನ್ನುವರು. ಮೊಳ ಹಾಕಿ ಅಳೆಯುವರು, ಕತ್ತರಿ ಇಡುವ ಮೊದಲು ಕಡೆಗೆ ನಾಲ್ಕು ಬೆರಳು ಹೆಚ್ಚು ಬಿಡುವರು. ಅದು ಕೊಸರು. ಗಿರಾಕಿ ಕೇಳದಿದ್ದರೂ ಬಿಡುವರು. ಕೈಗೆ ಅದು ರೂಢಿಯಾಗಿಬಿಟ್ಟಿತ್ತು. ಈ ನಾಲ್ಕು ಬೆರಳನ್ನು ನೀವು ನೆನಪಿಡಬೇಕು, ಮುಂದೆ ಬರುತ್ತದೆ.

ಇಂಥ ಕೈಗೆ ಕಟ್ಟಿಗೆ ಮಾತ್ರ ಒಲಿಯಲಿಲ್ಲ. ಬಟ್ಟೆ ಇಡಲೆಂದು ಒಮ್ಮೆ ಗೋಡೆಗೆ ಹಲಗೆ ಬಡಿದರು. ಹಲಗೆ ನಿಂತಿತು, ಗೋಡೆ ಬಿತ್ತು. ಅದು ನಮ್ಮ ಮನೆಯ ಗೋಡೆಯೂ ಆಗಿತ್ತೆಂದು ಮೊದಲೇ ಹೇಳಿದ್ದೇನೆ. ನಮ್ಮನೆಯವರ ಅಂಗಳಕ್ಕೆ ಬಂದರೆ ಯಾವ ಹಲಗೆಯನ್ನಾದರೂ ಬಟ್ಟೆಯ ಹಾಗೆ ಎರಡು ಬೆರಳಿನಿಂದ ತಿಕ್ಕಿ ನೋಡಿ, "ನೇಗಿ ಚಲೋ ಐತಿ" ಎನ್ನುವರು. ನಮ್ಮನೆಯವರು, "ಒಗದ್ರ ಕುಗ್ಗೂದಿಲ್ಲರಿ, ಒಯ್ಯಿರಿ" ಎನ್ನುವರು.

ಆಯಿ ಅವರಿಗೆ ಬೈಯುತ್ತಿದ್ದ ಬೈಗುಳವನ್ನು ಏನೆಂದು ಹೇಳಲಿ. ಮುಂಜಾನೆ ಕೋಳಿ ಕೂಗುವುದಕ್ಕೂ ಮೊದಲು ಗೋಡೆಯ ಆಚೆಯಿಂದ ಕೇಳುತ್ತಿತ್ತು. "ಏ ಹುಡುಗಾ, ಬಿಸಲ ಬಂದ ಮುಕಳಿ ಸುಡಾಕತ್ತೈತಿ, ಏಳ. ಕೊಡಾ ತಗೊಂಡ ನೀರಿಗೆ ನಡಿ." ಅಳಿಯ ಎರಡು ಕೊಡ ಹಿಡಿದು ಬಾವಿಗೆ ಹೋಗುವರು. ಓಣಿಯ ಗಂಡಸರು ನಗುವರು. ಮನೆ ಅಳಿಯನ ಕೈಯಲ್ಲಿ ನೀರು ಹೊರಿಸುತ್ತಾಳಲ್ಲ ಈ ಮುದುಕಿ ಎಂದು. ಅಳಿಯ ತಾವೂ ನಗುತ್ತ ಹೋಗುವರು.

ಈಗ ಆ ಬಿಲ್ಲಿನ ಮಾತು.

ಆಯಿಯ ಗಂಡನ ಹಿರಿಯರು ಗಡದ ಮೇಲೆ ಕಾವಲಿದ್ದವರಂತೆ. ಅವರ ಕಾಲದ ಒಂದು ಬಿಲ್ಲು ದೇವರ ಮನೆಯ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ನಾನು ನೋಡಿದ ಬಿದಿರಿನ ಬಿಲ್ಲುಗಳ ಹಾಗೆ ಇರಲಿಲ್ಲ ಅದು. ನಡುವೆ ಕಟ್ಟಿಗೆ, ಒಂದು ಮೈಗೆ ಎಮ್ಮೆಯ ಕೊಂಬು, ಇನ್ನೊಂದು ಮೈಗೆ ದನದ ಕಾಲಿನ ಒಣಗಿದ ನರ, ಎಲ್ಲವನ್ನೂ ಅಂಟಿನಿಂದ ಕೂಡಿಸಿದ್ದು. ಹೆದೆ ಯಾವಾಗಲೋ ಹೋಗಿತ್ತು. ಹೆದೆ ಇಲ್ಲದ ಬಿಲ್ಲು ಕುದುರೆಯ ಲಾಳದ ಹಾಗೆ ಬಾಗಿ ತುದಿಗೆ ತುದಿ ಹತ್ತಿರ ಮಾಡಿಕೊಂಡು ಮಲಗಿತ್ತು. ದಸರೆಯ ಹಿಂದಿನ ದಿನ, ಖಂಡೇನವಮಿಗೆ, ಎಲ್ಲರ ಮನೆಯಲ್ಲೂ ಕೆಲಸದ ಸಾಮಾನಿಗೆ ಪೂಜೆ. ನಮ್ಮಲ್ಲಿ ಉಳಿ ಬಾಚಿಗಳಿಗೆ, ಆಯಿಯ ಮನೆಯಲ್ಲಿ ಆ ಬಿಲ್ಲಿಗೆ. ಅದರ ಮುಂದೆ ಕುಳಿತರೆ ಆಯಿ ಯಾರಿಗೂ ಬೈಯುತ್ತಿರಲಿಲ್ಲ. ಅಷ್ಟು ಹೊತ್ತು ಓಣಿಯೇ ಶಾಂತ.

ಆ ವರುಷ ಖಂಡೇನವಮಿಗೆ ನರಗುಂದದಿಂದ ಅಳಿಯನ ಸಂತೆಯ ಗೆಳೆಯರು ಊಟಕ್ಕೆ ಬಂದಿದ್ದರು. ಪೂಜೆ ಮುಗಿದಿತ್ತು, ಆಯಿ ಒಲೆಯ ಮುಂದಿದ್ದಳು. ಗೆಳೆಯರ ಮುಂದೆ ಅಳಿಯನಿಗೆ ಹುರುಪು ಬಂತು. ಬಿಲ್ಲನ್ನು ಇಳಿಸಿದರು. ತುದಿಗಳು ಹೇಗೂ ಹತ್ತಿರವೇ ಇವೆ, ಇನ್ನೊಂದಿಷ್ಟು ಬಗ್ಗಿಸಿ ಹಗ್ಗ ಬಿಗಿದರೆ ಆಯಿತು ಎಂದು ಮೊಣಕಾಲು ಕೊಟ್ಟು ಒತ್ತಿದರು. ಗೋಡೆಯ ಈಚೆಗೆ ಕುಳಿತ ನನಗೂ ಕೇಳಿಸಿತು, ಒಣಗಿದ ಕಡಲೆ ಗಿಡದ ಮೇಲೆ ಕಾಲಿಟ್ಟ ಹಾಗೆ ಲಟಲಟ ಎಂದು.

ಆಯಿ ಹೊರಗೆ ಬಂದಳು. ಬಿಲ್ಲು ಎರಡು ತುಂಡಾಗಿತ್ತು. ನಾವೆಲ್ಲ ಬಾಗಿಲಿಗೆ ಓಡಿದ್ದೆವು. ಇವತ್ತು ಈ ಮನುಷ್ಯನನ್ನು ಆಯಿ ಬೈದು ಸುಟ್ಟೇ ಬಿಡುತ್ತಾಳೆ ಎಂದು ಕಾದು ನಿಂತೆವು. ಆಯಿ ತುಂಡುಗಳನ್ನು ಆರಿಸಿ ಸೆರಗಿನಲ್ಲಿ ಹಾಕಿಕೊಂಡಳು. ಆಮೇಲೆ ಹೇಳಿದಳು, "ಅಳಿಯದೇವರು ಊಟಕ್ಕ ಏಳಬೇಕ್ರಿ. ಹೊತ್ತಾತು."

ಮುಗಿಯಿತು. ಅಂದಿನಿಂದ ಆಯಿ ಅವರಿಗೆ ಬೈಯಲಿಲ್ಲ. ಬೈಯುವುದಿರಲಿ, ಹೊಸ ಅಳಿಯ ಮೊದಲ ಹಬ್ಬಕ್ಕೆ ಬಂದರೆ ಹೇಗೆ ಮಾಡುತ್ತಾರೋ ಹಾಗೆ ದಿನಾ ಮಾಡಿದಳು. ಸಂತೆಯಿಂದ ಬಂದರೆ ಬಾಗಿಲಲ್ಲಿ ಕಾಲಿಗೆ ನೀರು. ಕೂಡಲು ಕೆಂಪು ಮಣೆ. ಊಟಕ್ಕೆ ಬೆಳ್ಳಿಯ ಬಟ್ಟಲು. ತುಪ್ಪ ಮೊದಲು ಅವರಿಗೆ. ಸೆರಗು ತಲೆಯ ಮೇಲಿಂದ ಜಾರಲಿಲ್ಲ. ಅವರು ಕೊಡ ಎತ್ತಿಕೊಂಡರೆ, "ಬ್ಯಾಡ್ರಿ, ಅಳಿಯದೇವರಿಗೆ ನೀರ ಹೊರಸಿದ್ರ ಮಂದಿ ಏನ ಅಂದಾರು" ಎಂದು ಕೊಡ ಇಸಿದುಕೊಂಡು ತಾನೇ ಹೋಗುವಳು.

ಓಣಿಯ ಗಂಡಸರಿಗೆ ಹೊಟ್ಟೆಕಿಚ್ಚು. ಅತ್ತೆ ಅಂದರೆ ಇಂಥ ಅತ್ತೆ ಎಂದು. ಅಳಿಯ ಮಾತ್ರ ದಿನದಿನಕ್ಕೆ ಇಳಿದು ಹೋದರು. ನಮ್ಮ ಅಂಗಳಕ್ಕೆ ಬಂದು ಕೂಡುವರು, ಏಳುವರೇ ಅಲ್ಲ.

"ಯಾಕ್ರಿ ಅಳಿಯಾರ, ತುಪ್ಪ ಹೆಚ್ಚಾತೇನ?" ಎಂದು ನಮ್ಮನೆಯವರು ಕೆಣಕಿದರು.

"ನಗಬ್ಯಾಡೋ ಬಡಿಗೇರಣ್ಣಾ. ಹಡದವ್ವ ಸತ್ತಾಗ ನಾ ಸಣ್ಣಾವ. ನನಗ ಬೈಯಾವ್ರ ಅಂತ ಇದ್ದಾಕಿ ಈಕಿ ಒಬ್ಬಾಕಿ. ಕಾಲಿಗೆ ನೀರ ಕೊಡತಾಳಪಾ ನನಗ. ಬೀಗರಿಗೆ ಕೊಟ್ಟಾಂಗ. ನಾಳೆ ಎದ್ದ ಯಾವಾಗ ಊರಿಗೆ ಹೊಕ್ಕೀರಿ ಅಂತಾಳೋ ಏನೋ."

ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ನಗು ಬಂದಿತ್ತು, ಅರ್ಧಕ್ಕೆ ನಿಂತಿತು.

"ಮತ್ತ ಏನ ಮಾಡ್ತೀರಿ, ಅಣ್ಣಾರ?" ಎಂದೆ.

"ಬಿಲ್ಲ ಮಾಡ್ತೇನಿ ತಂಗಿ. ಅಂಥಾದ್ದ ಮಾಡಿ ಆ ಗೂಟಕ್ಕ ತೂಗಹಾಕ್ತೇನಿ."

ನಮ್ಮನೆಯವರು ಕೈಯಲ್ಲಿದ್ದ ಉಳಿಯನ್ನು ಕೆಳಗೆ ಇಟ್ಟು, ಗೋಡೆಯ ಕಡೆ ಒಮ್ಮೆ ನೋಡಿದರು. ಮೊನ್ನೆಯಷ್ಟೇ ಅದನ್ನು ಮತ್ತೆ ಕಟ್ಟಿದ್ದರು.

ನಮ್ಮನೆಯವರಿಗೆ ಬಂಡಿ ಗೊತ್ತು, ಕೂರಿಗೆ ಗೊತ್ತು, ತೊಟ್ಟಿಲು ಗೊತ್ತು. ಬಿಲ್ಲು ಯಾರಿಗೆ ಗೊತ್ತಿತ್ತು. ಅಳಿಯ ಸಂತೆ ಸಂತೆಗಳಲ್ಲಿ ಅರಿವೆ ಮಾರುವುದನ್ನು ಬಿಟ್ಟು ಬಿಲ್ಲಿನ ಸುದ್ದಿ ಕೇಳತೊಡಗಿದರು. ನರಗುಂದದ ಸಂತೆಯಲ್ಲಿ ಒಬ್ಬ ಮುಸಲ್ಮಾನ ಮುದುಕ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು, ಸಿಕ್ಕ. ಅವನ ಅಜ್ಜ ಬಿಲ್ಲು ಮಾಡುತ್ತಿದ್ದನಂತೆ. "ನಾ ಸಣ್ಣಾಂವ ಇದ್ದಾಗ ನರಾ ಹಿಕ್ಕಿ ಕೊಡ್ತಿದ್ದೆ, ಅಷ್ಟ ನೆನಪೈತಿ ನೋಡ್ರಿ ಸಾವಕಾರ" ಎಂದನಂತೆ. ಆದರೂ ನೆನಪಿದ್ದಷ್ಟು ಹೇಳಿದ. ಕೊಂಬನ್ನು ಕುದಿಸಿ ಚಪ್ಪಟೆ ಮಾಡಬೇಕು. ನರವನ್ನು ಜಜ್ಜಿ, ಕೂದಲು ಹಿಕ್ಕಿದ ಹಾಗೆ ಹಿಕ್ಕಿ, ಅಂಟಿನಲ್ಲಿ ಅದ್ದಿ ಹೊರಮೈಗೆ ಹಚ್ಚಬೇಕು. ತಿಂಗಳುಗಟ್ಟಲೆ ನೆರಳಲ್ಲಿ ಒಣಗಬೇಕು. ಕಡೆಗೆ ಒಂದು ಮಾತು ಹೇಳಿದ. ಇಂಥ ಬಿಲ್ಲು ಹೆದೆ ಬಿಚ್ಚಿದಾಗ ಹಿಂದಕ್ಕೆ ತಿರುಗಿ ಮಲಗುತ್ತದೆ. ಹೆದೆ ಕಟ್ಟುವಾಗ ಅದು ಬಾಗಿದ ಕಡೆಗೆ ಬಗ್ಗಿಸಬಾರದು, ಅದರ ಎದುರು ಕಡೆಗೆ ಬಗ್ಗಿಸಬೇಕು.

ಅಳಿಯ ಸಂತೆಯಲ್ಲೇ ಅರಿವೆಯ ಗಂಟಿನ ಮೇಲೆ ಕುಳಿತುಬಿಟ್ಟರಂತೆ. ಅಂದು ಸಂಜೆ ಸೈಕಲ್ಲು ಇಳಿಯುತ್ತಲೇ ನಮ್ಮನೆಯವರಿಗೆ ಹೇಳಿದರು, "ಉಲ್ಟಾ ಬಗ್ಗಿಸಿದ್ನೋ ಮಾರಾಯಾ. ಮಲಗಿದ್ದನ್ನ ಬೆನ್ನ ಮ್ಯಾಲ ಕಾಲಿಟ್ಟ ಮುರದೆ."

ಆಮೇಲೆ ನಮ್ಮ ಹಿತ್ತಲಿನ ಗತಿ ಕೇಳಬೇಡಿರಿ. ಆಯಿಯ ಮನೆಯಲ್ಲಿ ಮಾಡುವಂತಿಲ್ಲ, ಕಂಡರೆ ಇನ್ನಷ್ಟು ಮರ್ಯಾದೆ ಮಾಡಿಯಾಳು ಎಂಬ ಹೆದರಿಕೆ. ಎಲ್ಲ ನಮ್ಮಲ್ಲಿಯೇ. ತೊಗಲು ಕುದಿಸಿ ಅಂಟು ಮಾಡುವ ದಿನ ಓಣಿಯ ಬಾಗಿಲುಗಳೆಲ್ಲ ಮುಚ್ಚಿರುತ್ತಿದ್ದವು. ನಮ್ಮತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಈ ಬಿಲ್ಲಿಗೆ ಬಾಣಾ ಯಾಕ ಬೇಕೋ ಅಳಿಯಾ, ವಾಸನಿಗೇ ವೈರಿ ಓಡ್ತಾನ" ಎಂದರು. ಹಿಕ್ಕಿ ಒಣಹಾಕಿದ್ದ ನರವನ್ನು ಒಂದು ದಿನ ನಾಯಿ ತಿಂದಿತು. ಅಳಿಯ ಆ ನಾಯಿಯ ಹಿಂದೆ ಗುಡ್ಡದ ಬುಡದವರೆಗೆ ಓಡಿದರು. ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ, ಅದು ಅವರಿಗೂ ಗೊತ್ತಿರಲಿಲ್ಲ.

ಮೊದಲನೆಯ ಬಿಲ್ಲು ಬೇಸಿಗೆಯಲ್ಲಿ ಚೆನ್ನಾಗಿಯೇ ಕಂಡಿತು. ಮಳೆ ಹಿಡಿದು ಗಾಳಿ ತಂಪಾದ ಮೇಲೆ ಅಂಟು ಮೆತ್ತಗಾಗಿ, ನರವೆಲ್ಲ ಹಳೆಯ ಕೌದಿಯ ದಾರದಂತೆ ಎದ್ದು ಬಂತು. ಆ ವರುಷದ ಖಂಡೇನವಮಿಗೆ ಆಯಿ ಬರಿಯ ಗೂಟಕ್ಕೆ ಕುಂಕುಮ ಹಚ್ಚಿದಳು. ಹಚ್ಚಿ, ಅಳಿಯನಿಗೆ ಬೆಳ್ಳಿಯ ಬಟ್ಟಲಲ್ಲಿ ಪಾಯಸ ಕೊಟ್ಟಳು. ಅವರು ಎರಡು ಚಮಚ ತಿಂದು ಎದ್ದರು. ಪಾಯಸ ಬಿಟ್ಟು ಏಳುವ ಮನುಷ್ಯ ಅಲ್ಲ ಅವರು.

ಎರಡನೆಯದನ್ನು ಶುರು ಮಾಡಿದಾಗ ನಮ್ಮನೆಯವರು ನಗುವುದನ್ನು ಬಿಟ್ಟಿದ್ದರು. ನಡುವಿನ ಬಿದಿರನ್ನು ತಾವೇ ಸೀಳಿ ಕೊಟ್ಟರು, ತುದಿಗೆ ಜಾಲಿಯ ಕಟ್ಟಿಗೆ ಕೊಟ್ಟರು. ಕೆತ್ತುವುದನ್ನು ಮಾತ್ರ ಅಳಿಯ ಯಾರಿಗೂ ಬಿಡಲಿಲ್ಲ. ಕೆತ್ತಿ ಕೆತ್ತಿ ಎಡಗೈಯ ಬೆರಳಿಗೆಲ್ಲ ಅರಿವೆಯ ಚಿಂದಿ. ಸಂತೆಯಲ್ಲಿ ಗಿರಾಕಿಗಳು, "ಏನ್ರಿ ಸಾವಕಾರ, ಅರಿವಿ ಬದಲಿ ಬೆರಳ ಕತ್ತರಸಾಕತ್ತೀರೇನ?" ಎಂದು ಕೇಳುವರಂತೆ.

ಒಂದು ಕೆಲಸದಲ್ಲಿ ಮಾತ್ರ ನಮ್ಮನೆಯವರು ಬಾಯಿ ಬಿಟ್ಟು ನೋಡಿದರು. ಕೊಂಬು ಬಿದಿರಿಗೆ ಅಂಟಿಕೊಳ್ಳುವವರೆಗೆ ಅದನ್ನು ಬಿಗಿಯಾಗಿ ಸುತ್ತಿ ಇಡಬೇಕು. ಅಳಿಯ ಹಳೆಯ ಇಳಕಲ್ಲ ಸೀರೆಯ ಅಂಚನ್ನು ಹರಿದು, ತೋಯಿಸಿ, ಸುತ್ತುತ್ತ ಹೋದರು. ಒಂದು ಸುತ್ತು ಇನ್ನೊಂದರ ಮೇಲೆ ಏರಲಿಲ್ಲ, ಒಂದು ಕಡೆ ಸಡಿಲ ಬೀಳಲಿಲ್ಲ. ಬಟ್ಟೆ ಬಂದದ್ದೇ ತಡ, ಆ ಕೈಗಳು ಬೇರೆಯಾದವು. "ಇದನ್ನ ಮೊದಲ ತೋರಿಸಿದ್ರ ನಾ ನಿಮಗ ನಗತಿರಲಿಲ್ಲ" ಎಂದರು ನಮ್ಮನೆಯವರು. ಅವರು ಯಾರನ್ನೂ ಹೊಗಳಿದವರಲ್ಲ. ನಾನು ಮಾಡಿದ ಹೋಳಿಗೆಗೂ "ತಿನ್ನಬಹುದು" ಎಂದವರು.

ಚಳಿಗಾಲ, ಬೇಸಿಗೆ ಒಣಗಿತು. ಮಳೆಗಾಲದಲ್ಲಿ ನಮ್ಮ ಒಲೆಯ ಮೇಲಿನ ಜಂತಿಗೆ ಕಟ್ಟಿದ್ದೆವು, ನಾನು ದಿನಾ ಮುಟ್ಟಿ ನೋಡುತ್ತಿದ್ದೆ. ಅಂಟು ಬಿಡಲಿಲ್ಲ. ಮಳೆ ನಿಂತ ಮೇಲೆ ಸುತ್ತಿದ ಪಟ್ಟಿ ಬಿಚ್ಚಿದರು. ಲಾಳದ ಹಾಗೆ ಬಾಗಿ ಮಲಗಿದ ಬಿಲ್ಲು, ಥೇಟ್ ಹಳೆಯದರ ಹಾಗೆ. ನಮ್ಮನೆಯವರು ಕೈಗೆ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ ನೋಡಿದರು. ನಡುವಿನ ಹಿಡಿಕೆಯಿಂದ ಒಂದು ತುದಿಗೆ ಗೇಣು ಹಾಕಿದರು, ಇನ್ನೊಂದು ತುದಿಗೆ ಹಾಕಿದರು.

"ಅಳಿಯಾರ."

"ಏನ?"

"ಈ ಕಡೆ ತೋಳ ನಾಕ ಬೆರಳ ಉದ್ದ ಐತಿ."

ಅಳಿಯ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು. ಎರಡನೆಯ ತೋಳನ್ನು ಅಳೆಯುವಾಗ ಕಡೆಗೆ ಆ ಕೈ ತನ್ನಷ್ಟಕ್ಕೆ ಕೊಸರು ಬಿಟ್ಟಿತ್ತು.

"ಬಿಲ್ಲಿಗೂ ಕೊಸರ ಕೊಟ್ಟೀರಿ" ಎಂದರು ನಮ್ಮನೆಯವರು. ಮೂವರೂ ನಕ್ಕೆವು. ನಗುತ್ತ ನಗುತ್ತ ಅಳಿಯನ ಕಣ್ಣಲ್ಲಿ ನೀರು ಬಂತು. ಹಬ್ಬ ಎದುರಿಗಿತ್ತು. ಇನ್ನೊಂದು ಮಾಡಲು ಇನ್ನೊಂದು ವರುಷ ಬೇಕು, ಇನ್ನೊಂದು ವರುಷ ಆ ಬೆಳ್ಳಿಯ ಬಟ್ಟಲಲ್ಲಿ ಉಣ್ಣುವ ಶಕ್ತಿ ಅವರಲ್ಲಿರಲಿಲ್ಲ.

ಖಂಡೇನವಮಿಯ ದಿನ ಬಿಲ್ಲನ್ನು ಹೆಗಲ ಸೆಲ್ಲೆಯಲ್ಲಿ ಸುತ್ತಿಕೊಂಡು ಹೋಗಿ ಆಯಿಯ ಮುಂದೆ ಇಟ್ಟರು. ನಾವೂ ಹಿಂದೆ ಹೋದೆವು. ಆಯಿ ಸೆಲ್ಲೆ ಬಿಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗೂಟಕ್ಕೆ ಹಾಕಿ, ಅರಿಷಿಣ ಕುಂಕುಮ ಹಚ್ಚಿ, ತಿರುಗಿ ಹೇಳಿದಳು, "ಅಳಿಯದೇವರು ಭಾಳ ತ್ರಾಸ ತಗೊಂಡಾರ. ಚಲೋ ಆಗೇತಿ."

ಅಷ್ಟೇ. ಅಳಿಯನ ಮುಖ ನೋಡಲು ಆಗಲಿಲ್ಲ ನನಗೆ. ಎರಡು ವರುಷ ಅಂಟಿನ ವಾಸನೆ ಕುಡಿದದ್ದು ಈ 'ಚಲೋ ಆಗೇತಿ' ಕೇಳಲಿಕ್ಕೆ ಅಲ್ಲ. ಅವರು ಗೂಟದಿಂದ ಬಿಲ್ಲನ್ನು ಇಳಿಸಿ, "ಹೆದಿ ಕಟ್ಟಿ ತೋರಸ್ತೇನಿ" ಎಂದರು. ನಮ್ಮನೆಯವರು ಬೇಡವೆಂದು ಕಣ್ಣು ಮಾಡಿದರು. ಕೇಳಲಿಲ್ಲ.

ಕೆಂಡದ ಮೇಲೆ ಹಿಡಿದು ಬಿಲ್ಲನ್ನು ಬೆಚ್ಚಗೆ ಮಾಡಿದರು. ಪಡಸಾಲೆಯ ನಡುವೆ ಕುಳಿತು, ಕಾಲು ಕೊಟ್ಟು, ಈ ಸಲ ಸರಿಯಾಗಿ ಎದುರು ಕಡೆಗೆ ಬಗ್ಗಿಸಿದರು. ಬಗ್ಗಿತು. ಒಂದು ತುದಿಗೆ ಹೆದೆ ಬಿತ್ತು. ಇನ್ನೊಂದು ತುದಿಗೆ ಇನ್ನೇನು ಬೀಳಬೇಕು, ಆ ನಾಲ್ಕು ಬೆರಳು ಉದ್ದದ ತೋಳು ಹೊರಳಿತು. ಬಿಲ್ಲು ಕೈ ಬಿಟ್ಟು ಸಿಡಿದು ಹಿಂದಕ್ಕೆ ತಿರುಗಿತು. ಒಂದು ತುದಿ ಅಳಿಯನ ಹಣೆಗೆ ಬಡಿಯಿತು. ಇನ್ನೊಂದು ತುದಿ ಕುಡಿಯುವ ನೀರಿನ ಹಂಡೆಯನ್ನು ಉರುಳಿಸಿತು. ನೀರು ಪಡಸಾಲೆಯ ತುಂಬ ಹರಿದು, ಮೂಲೆಯಲ್ಲಿ ತಟ್ಟೆಯ ಮೇಲೆ ಹರವಿದ್ದ ಹೋಳಿಗೆಗಳನ್ನೆಲ್ಲ ತೇಲಿಸಿಕೊಂಡು ಹೊಸ್ತಿಲ ಕಡೆ ಹೊರಟಿತು.

ಆಯಿಯ ಸೆರಗು ತಲೆಯಿಂದ ಜಾರಿತ್ತು.

"ಏ ಕ್ವಾಣಾ" ಎಂದಳು ಆಯಿ. "ಕಣ್ಣ ಏನ ಸಂತ್ಯಾಗ ಮಾರಿ ಬಂದಿಯೇನ? ಒಂದ ತೋಳ ಉದ್ದ, ಒಂದ ತೋಳ ಗಿಡ್ಡ, ನಿನ್ನಂಥಾ ಸೊಟ್ಟ ಬಿಲ್ಲ ಮಾಡಿ ಅದಕ್ಕ ಹೆದಿ ಬ್ಯಾರೆ ಕಟ್ಟತಾನಂತ. ನಾ ಕಂಡಾಗಲೇ ಅನಬೇಕಂದಿದ್ದೆ. ಮುಂಜಾನಿಂದ ಬೇಸಿದ ಹೋಳಿಗಿ ಎಲ್ಲಾ ನೀರಾಗ ಹಾಕಿದಿ. ಹಣಿ ಒಡಕೊಂಡಿ. ಇಲ್ಲೆ ಬಾ, ತೋರಸ. ಮತ್ತೇನ ಮಕಾ ನೋಡತಿ? ಕೊಡಾ ತಗೊಂಡ ನೀರಿಗೆ ನಡಿ."

ಹೇಳುತ್ತ ಹೇಳುತ್ತ ಹಣೆಗೆ ಅರಿಷಿಣ ಒತ್ತಿದಳು. ಮೆಲ್ಲಗೆ ಒತ್ತಲಿಲ್ಲ.

ಅಳಿಯ ಎದ್ದರು. ಎರಡು ಕೊಡ ಹಿಡಿದರು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗಟೆ, ಅದರ ಮೇಲೆ ಹಳದಿ. ನಮ್ಮನೆಯವರನ್ನು ದಾಟುವಾಗ ಮೆಲ್ಲಗೆ ಕೇಳಿದರು, "ಕೇಳಿದಿಯಿಲ್ಲೋ? ಪೂರಾ ಬೈದಳು." ಹಬ್ಬದ ದಿನ ಓಣಿಯ ಜನವೆಲ್ಲ ಕಟ್ಟೆಯ ಮೇಲಿತ್ತು. ಆ ಮನುಷ್ಯ ಮದುವಣಿಗನ ಹಾಗೆ ನಡುಬೀದಿಯಲ್ಲಿ ಬಾವಿಗೆ ಹೋದರು. ಹಂಡೆ ತುಂಬಿದ ಮೇಲೂ ಇನ್ನೆರಡು ಸಲ ಹೋಗಿ ಬಂದರು.

ಸಂಜೆ ಆಯಿಯೇ ಒಂದು ತುದಿ ಹಿಡಿದು ಕುಳಿತಳು, ನಮ್ಮನೆಯವರು ಒಂದು ತುದಿ, ಹೆದೆ ಬಿತ್ತು. ಅಳಿಯ ಬಿಟ್ಟ ಬಾಣ ಗುಡ್ಡದ ಕಡೆ ಹೋಗಬೇಕಾದದ್ದು ನಮ್ಮ ಮಾಳಿಗೆಯ ಜಂತಿಗೆ ನಟ್ಟಿತು. ಅಲ್ಲೇ ಬಹಳ ವರುಷ ಇತ್ತು, ನಾನು ಅದಕ್ಕೆ ಬೆಳ್ಳುಳ್ಳಿಯ ಗೊಂಚಲು ತೂಗುಹಾಕುತ್ತಿದ್ದೆ. ಬಿಲ್ಲು ಆಯಿಯ ಗೂಟದ ಮೇಲೆ ಒಂದು ಕಡೆ ಜೋಲಿ ಹೊಡೆದುಕೊಂಡೇ ಇತ್ತು. ಬಂದವರಿಗೆಲ್ಲ ಆಯಿ ತೋರಿಸುವಳು. "ನಮ್ಮ ಹುಡುಗ ಮಾಡ್ಯಾನ. ಸೊಟ್ಟ ಐತಿ ನೋಡ್ರಿ. ಸರಿಯಾಗಿ ನೋಡ್ರಿ, ಈ ಕಡೆ ನಾಕ ಬೆರಳ." ಆ ನಾಲ್ಕು ಬೆರಳನ್ನು ಅಳೆದು ತೋರಿಸದೆ ಯಾರನ್ನೂ ಕಳಿಸುತ್ತಿರಲಿಲ್ಲ.

ಅಳಿಯ ಹೋಗಿ ಬಹಳ ಕಾಲವಾಯಿತು. ಆಯಿ ಅದಕ್ಕೂ ಮೊದಲು ಹೋದಳು. ಕಡೆಯ ದಿನವೂ ಅವರಿಗೆ ಬೈದಳು, ಹಾಸಿಗೆಯ ಪಕ್ಕದ ತಂಬಿಗೆ ತುಂಬಿಲ್ಲವೆಂದು.

ಇಷ್ಟು ಬರೆದು ಈಗ ಮಣೆಯಿಂದ ಎದ್ದೆ. ಎದ್ದು, ಒಂದು ಕಣ್ಣು ಮುಚ್ಚಿ ನೋಡಿದೆ. ಬಡಿಗೇರನ ಹೆಂಡತಿ ನಾನು, ನಿನ್ನೆ ಮುಂಜಾನೆ ಕುಳಿತಾಗಲೇ ತಿಳಿದಿತ್ತು.

"ಏ ಹುಡುಗೀ, ಇಲ್ಲೆ ಬಾ. ಈ ಕಾಲ ಯಾಕ ಗಿಡ್ಡ ಐತಿ? ನಿನ್ನಿಂದ ಕುಂತ ಕುಂತ ನನ್ನ ಸೊಂಟಾ ಹೊಳ್ಳೇತಿ. ನಿಮ್ಮಜ್ಜ ನೋಡಿದ್ರ ಏನ ಅಂತಿದ್ದ? ಉಳಿ ತಗೊಂಡ ಬಾ."

ಒಳಗಿನಿಂದ ಓಡಿ ಬರುವ ಸಪ್ಪಳ ಕೇಳಿತು.